ಪ್ಯಾಚು ಹಾಕಿದ ಭಾನುವಾರ

“ಯಾಕೋ ಬಿಸಿಯಾಗ್ತಿದೆಯಲ್ಲ ಇದು!” ಎಂದು ಕದಿರೇಶ ಮನಸ್ಸಿನಲ್ಲೇ ಅಂದುಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಪುಣ್ಯಾತ್ಮ, ಬಾಯಿ ಬಿಟ್ಟು ಅಂದ.

ಕೋಲಾರದ ಆ ಟೊಮೆಟೊ ಬೆಳೆಗಾರರ ಸಂಘದ ಕಚೇರಿಯಲ್ಲಿ ಯಾರಾದರೂ ಒಂದು ತೊಂದರೆ ಹೇಳಿಕೊಂಡರೆ, ಅದಕ್ಕೆ ಪರಿಹಾರ ಮಾಡದೆ ಸುಮ್ಮನೆ ಕೂರುವ ಜನವೇ ಅಲ್ಲ ಅಲ್ಲಿನವರು. ಕಾವಲುಗಾರ ಹಬೀಬುಲ್ಲಾ ತಕ್ಷಣ ಎದ್ದು ಹೊರಗೆ ಹೋದರು. ಕದಿರೇಶ ಮುಖ ತೊಳೆದು ಬರುವಷ್ಟರಲ್ಲಿ ಸರ್ವರ್ ಪೆಟ್ಟಿಗೆಗೆ ಒದ್ದೆ ಗೋಣಿತಾಟು ಹೊದಿಸಿ, ಜ್ವರ ಬಂದ ಮಗುವಿನ ಪಕ್ಕ ನಿಂತಂತೆ ನಿಂತಿದ್ದರು.

“ಭಾಯ್! ಏನ್ ಮಾಡ್ಬಿಟ್ರಿ?”

“ಬಿಸಿ ಅಂದ್ಯಲ್ಲಪ್ಪ ನೀನೇ. ಬಿಸಿಲಿಗೆ ಟೊಮೆಟೊ ಬಾಕ್ಸ್‌ಗೆ ಇದೇ ಹೊದ್ಸೋದು. ಸಾಯಂಕಾಲದವರ್ಗೂ ಗಟ್ಟಿಯಾಗಿರ್ತವೆ.”

“ಇದು ಟೊಮೆಟೊ ಅಲ್ಲ ಭಾಯ್, ಸರ್ವರ್ರು!”

“ಅರೆ, ಟೊಮೆಟೊಗಿಂತ ನಾಜೂಕಾ ಇದು?”

ಕದಿರೇಶ ಗೋಣಿತಾಟನ್ನು ಸರಕ್ಕನೆ ಎಳೆದ. ಅದರ ನೀರು ಕೆಳಗಿದ್ದ ಎಕ್ಸ್‌ಟೆನ್ಷನ್ ಬೋರ್ಡಿನ ಮೇಲೆ ಸುರಿಯಿತು. ಠಪ್ ಎಂದು ಸದ್ದಾಗಿ ಕಚೇರಿಯ ಕರೆಂಟೇ ಹೋಯಿತು. ಬೋರ್ಡು ಬದಲಿಸಿ, ಸರ್ವರನ್ನು ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ ಮತ್ತೆ ಚಾಲೂ ಮಾಡುವಾಗ ಅವನು ಮನೆದೇವರಿಗೆ ಹೊತ್ತ ಹರಕೆ ಒಂದೆರಡಲ್ಲ. ದೇವರು ದೊಡ್ಡವನು, ಸರ್ವರ್ ಉಸಿರಾಡಿತು.

ಕದಿರೇಶ ಇಷ್ಟೊಂದು ಹರಕೆ ಹೊತ್ತದ್ದಕ್ಕೆ ಕಾರಣವಿದೆ. ಅವನಿಗೆ ಕೆಲಸ ದೂರದ ರಾಯಲ್ಪಾಡಿನಲ್ಲಿರುವ ಸಂಘದ ಶಾಖೆಯಲ್ಲಿ. ಹೆಂಡತಿ ಸಹನಳಿಗೆ ಕೋಲಾರದ ಪಕ್ಕದ ನರಸಾಪುರದ ಫ್ಯಾಕ್ಟರಿಯಲ್ಲಿ. ಅವನು ಶಾಖೆಯ ಹಿಂದಿನ ಕೋಣೆಯಲ್ಲಿ ಅನ್ನ ಸೀಯಿಸಿಕೊಳ್ಳುತ್ತಿದ್ದರೆ ಅವಳು ಹಾಸ್ಟೆಲಿನಲ್ಲಿ ನೀರು ಸಾಂಬಾರು ಉಣ್ಣುತ್ತಿದ್ದಳು. ಮದುವೆಯಾಗಿ ವರ್ಷ ತುಂಬುತ್ತಾ ಬಂದರೂ ಇಬ್ಬರದೂ ಬರೀ ಬಸ್‌ಸ್ಟ್ಯಾಂಡ್ ಸಂಸಾರ. ಅವನು ಕೋಲಾರಕ್ಕೆ ಬಂದುಬಿಟ್ಟರೆ ಅವಳು ಕಂಪನಿ ಬಸ್ಸಿನಲ್ಲಿ ಓಡಾಡಬಹುದು, ಒಂದೇ ಸೂರಿನಡಿ ಇರಬಹುದು. ಈ ಆಸೆ ಇಟ್ಟುಕೊಂಡು ಅವನು ಅಧ್ಯಕ್ಷ ಆವಲಪ್ಪನವರ ಹಿಂದೆ ತಿರುಗದ ದಿನವಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಈ ಸರ್ವರ್ರೇ. ಯಾವ ರೈತನ ಟೊಮೆಟೊ ಎಷ್ಟು ಬಂತು, ಹರಾಜಿನಲ್ಲಿ ಯಾರಿಗೆ ಹೋಯಿತು ಎಂಬುದೆಲ್ಲ ಇರುವುದು ಅದರೊಳಗೆ. ಅದರ ಸಾಫ್ಟ್‌ವೇರ್ ತೀರಾ ಹಳೆಯದಾಗಿತ್ತು. ಹೊಸದನ್ನು ಹಾಕಿ, ಅದರ ಮೇಲೆ ಸಾಫ್ಟ್‌ವೇರ್ ಕಂಪನಿ ಕಳಿಸಿದ ಪ್ಯಾಚುಗಳನ್ನು, ಅಂದರೆ ಲೋಪ ಮುಚ್ಚುವ ತೇಪೆಗಳನ್ನು, ಒಂದರ ಹಿಂದೊಂದು ಕೂರಿಸಬೇಕಿತ್ತು. ಮಂಡಿಗೆ ರಜೆಯಿದ್ದ ಆ ಭಾನುವಾರ ಆವಲಪ್ಪನವರು ಎಲ್ಲರ ಎದುರಿಗೇ ಮಾತು ಕೊಟ್ಟಿದ್ದರು.

“ಸಾಯಂಕಾಲ ನಾಳೆ ಹರಾಜಿನ ಲಾರಿ ಬರೋಕ್ ಮುಂಚೆ ಹೊಸದು ಓಡಬೇಕು ನಾಯ್ನಾ. ಓಡ್ತು ಅನ್ಕೋ, ಇದನ್ನ ನೋಡ್ಕೊಳ್ಳೋಕೆ ಇಲ್ಲೊಬ್ಬ ಬೇಕಲ್ಲ, ನಾಳೆಯಿಂದಾನೇ ನೀನು ಕೋಲಾರ!”

ಸಹನ ಬೆಳಗಿನಿಂದಲೇ ಕೋಲಾರದಲ್ಲೇ ಕೀಲುಕೋಟೆಯ ಒಂದು ಬಾಡಿಗೆ ಮನೆ ಮುಂದೆ ನಿಂತಿದ್ದಳು. ಸಂಜೆಯೊಳಗೆ ಹೂಂ ಅನ್ನದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದು ಮನೆಯ ಯಜಮಾನಿ ಹೇಳಿಬಿಟ್ಟಿದ್ದರು.

“ರೀ, ಅಡುಗೆಮನೆಗೆ ಎರಡು ಕಿಟಕಿ ಇದೆ ಕಣ್ರೀ,” ಎಂದಳು ಫೋನಿನಲ್ಲಿ. “ಸರ್ವರ್ ಆಯ್ತಾ?”

“ಒಣಗ್ತಿದೆ,” ಎಂದ ಕದಿರೇಶ.

ಮಧ್ಯಾಹ್ನದ ಹೊತ್ತಿಗೆ ಹೊಸ ಸಾಫ್ಟ್‌ವೇರ್ ಕೂತಿತು. ಇನ್ನು ಪ್ಯಾಚುಗಳು. ಅವನ್ನು ಕಂಪನಿ ಹೇಳಿದ ಕ್ರಮದಲ್ಲೇ ಜೋಡಿಸಿಟ್ಟ. ಅಷ್ಟರಲ್ಲಿ ಆವಲಪ್ಪನವರು ಊಟಕ್ಕೆ ಎಳೆದುಕೊಂಡು ಹೋದರು. ಅಧ್ಯಕ್ಷರು ಮುದ್ದೆ ಮುರಿಯುವಾಗ ಒಲ್ಲೆ ಅನ್ನುವವನಿಗೆ ಕೋಲಾರದಲ್ಲಿ ಕೆಲಸ ಎಲ್ಲಿಂದ ಬರಬೇಕು? “ಇವನ್ನ ಒಂದೊಂದಾಗಿ ಒತ್ತುತ್ತಾ ಹೋಗಿ ಅಮ್ಮಾ, ಇನ್ನೇನೂ ಮುಟ್ಬೇಡಿ,” ಎಂದು ಲೆಕ್ಕದ ಆದಿಲಕ್ಷ್ಮಮ್ಮನಿಗೆ ಹೇಳಿ ಹೋದ.

ಬಂದು ನೋಡಿದರೆ ಪರದೆಯ ತುಂಬ ಕೆಂಪು ಅಕ್ಷರ.

“ನಾನೇನೂ ತಪ್ಪು ಮಾಡ್ಲಿಲ್ಲಪ್ಪಾ,” ಎಂದರು ಆದಿಲಕ್ಷ್ಮಮ್ಮ. “ನೀನು ಮೊದ್ಲಿಗೇ ಸಣ್ಣ ಸಣ್ಣವು ಇಟ್ಟಿದ್ದೆ. ಸರಿ ಮಾಡ್ದೆ.”

“ಏನ್ ಸರಿ ಮಾಡಿದ್ರಿ?”

“ದಪ್ಪದ್ದು ಮೇಲೆ, ಸಣ್ಣದ್ದು ಕೆಳಗೆ. ಇಷ್ಟು ವರ್ಷ ಮಂಡೀಲಿದ್ದೀನಿ, ಸಣ್ಣದ್ದು ಮೇಲಿಟ್ಟ ಬಾಕ್ಸ್‌ನ ಯಾವ ಸಾಹುಕಾರ ಮುಟ್ತಾನೆ ಹೇಳು?”

ಆವಲಪ್ಪನವರು ಹೌದೌದು ಎಂದು ತಲೆಯಾಡಿಸಿದರು. ಅವರ ಪ್ರಕಾರ ಆಕೆ ಹೇಳಿದ್ದರಲ್ಲಿ ನ್ಯಾಯವಿತ್ತು. ಕದಿರೇಶನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ತಾಯಿಯಂಥ ಹೆಂಗಸು, ಡಬ್ಬಿಯಲ್ಲಿ ಅವನಿಗೆಂದೇ ಹೋಳಿಗೆ ತಂದವರು, ಏನೆಂದು ಬಯ್ಯುವುದು? ಮೊದಲೇ ತೆಗೆದಿಟ್ಟಿದ್ದ ಪ್ರತಿಯಿಂದ ಎಲ್ಲವನ್ನೂ ವಾಪಸು ತಂದು ಮೊದಲಿನಿಂದ ಶುರು ಮಾಡಿದ. ಸಣ್ಣದ್ದು ಮೊದಲು ಹೋಗುವುದನ್ನು ಕಂಡಾಗಲೆಲ್ಲ ಆದಿಲಕ್ಷ್ಮಮ್ಮ ಲೊಚಗುಟ್ಟುತ್ತಿದ್ದರು.

“ರೀ, ಯಜಮಾನಿ ಎರಡ್ಸಲ ಬಂದು ಕೇಳಿದ್ರು. ಬೇರೆ ಯಾರೋ ಮನೆ ನೋಡೋಕೆ ಬಂದವ್ರೆ,” ಎಂದಳು ಸಹನ.

“ಇನ್ನೊಂದೇ ಗಂಟೆ. ಬಾಗಿಲಲ್ಲೇ ಕೂತ್ಕೊ, ಏಳಬೇಡ!”

ಇನ್ನೊಂದೇ ಒಂದು ಪ್ಯಾಚು ಬಾಕಿಯಿತ್ತು. ಅದು ಇಂಟರ್‌ನೆಟ್ಟಿನಿಂದ ಇಳಿಯುವವರೆಗೆ ಒಂದು ಟೀ ಕುಡಿದು ಬರೋಣವೆನಿಸಿತು. ಈ ಸಲ ಮೋಸ ಹೋಗಬಾರದು ಎಂದು ಲ್ಯಾಪ್‌ಟಾಪು ಬಗಲಿಗೆ ಹಾಕಿಕೊಂಡು, ಎಲ್ಲರನ್ನೂ ಕೋಣೆಯಿಂದ ಹೊರಗೆ ಕಳಿಸಿ, ಹಬೀಬುಲ್ಲಾರ ಎರಡೂ ಕೈ ಹಿಡಿದುಕೊಂಡ.

“ಭಾಯ್, ನಿಮ್ಮ ಕಾಲಿಗ್ ಬೀಳ್ತೀನಿ. ಯಾರೇ ಬರ್ಲಿ, ಅಧ್ಯಕ್ಷರೇ ಬರ್ಲಿ, ಒಳಗೆ ಬಿಡ್ಬೇಡಿ.”

“ಖುದಾ ಕೀ ಕಸಮ್, ಒಂದು ನೊಣಾನೂ ಬಿಡಲ್ಲ!”

ಹಬೀಬುಲ್ಲಾ ಕೊಟ್ಟ ಮಾತಿಗೆ ತಪ್ಪುವವರಲ್ಲ. ಆದರೆ ಆ ಹೊತ್ತಿಗೆ ಅವರ ಅಕ್ಕನ ಮಗಳು ಮಿಸ್ಬಾಳ ಮದುವೆ ಮುಳಬಾಗಿಲಿನಲ್ಲಿ ನಡೆಯುತ್ತಿತ್ತು. ಇತ್ತ ಮಾತು, ಅತ್ತ ಮದುವೆ. ಎರಡನ್ನೂ ಉಳಿಸಿಕೊಳ್ಳಲು ಸರ್ವರ್ ಕೋಣೆಗೆ ದೊಡ್ಡದೊಂದು ಬೀಗ ಜಡಿದು, ಕೀ ಜೇಬಿಗಿಳಿಸಿಕೊಂಡು ಬಸ್ ಹತ್ತಿದರು.

ಟೀ ಕುಡಿದು ಬಂದ ಕದಿರೇಶ ಬೀಗ ಹಿಡಿದು ಜಗ್ಗಾಡಿದ. ಸುಮಾರು ಒಂದು ಗಂಟೆ ಫೋನ್ ಮಾಡಿ ಮಾಡಿ ಕೊನೆಗೆ ಸಿಕ್ಕರೆ ಆ ಕಡೆಯಿಂದ ಮದುವೆ ಬ್ಯಾಂಡಿನ ಸದ್ದು. “ಯಾರನ್ನೂ ಬಿಟ್ಟಿಲ್ಲ ತಮ್ಮಾ, ನೀನು ನಿಶ್ಚಿಂತೆಯಾಗಿರು!” ಎಂದು ಹಬೀಬುಲ್ಲಾ ಕೂಗಿ ಇಟ್ಟುಬಿಟ್ಟರು. ಹೊರಗೆ ಮೊದಲ ಲಾರಿಗಳು ಗೇಟಿನೊಳಗೆ ತಿರುಗುತ್ತಿದ್ದವು. ಆವಲಪ್ಪನವರು ಬೀಗದ ಮುಂದೆ ಶತಪಥ ತಿರುಗುತ್ತಾ, “ಒಡೆಯೋದಾ, ಬೇಡ್ವಾ?” ಎಂದು ಬೀಗವನ್ನೇ ಕೇಳುತ್ತಿದ್ದರು.

ಆಗ ಹೊಳೆಯಿತು ಕದಿರೇಶನಿಗೆ. ಹೊಸ ಸಾಫ್ಟ್‌ವೇರಿನಲ್ಲಿ ಸರ್ವರನ್ನು ಹೊರಗಿನಿಂದಲೇ ನಡೆಸುವ ಸೌಲಭ್ಯವಿತ್ತು! ಓಡಿದ. ಟೀ ಅಂಗಡಿಯ ಬೆಂಚಿನ ಮೇಲೆ ಲ್ಯಾಪ್‌ಟಾಪು ಬಿಚ್ಚಿ, ಮೊಬೈಲಿನ ಇಂಟರ್‌ನೆಟ್ ಸೇರಿಸಿ, ಬೀಗದ ಹಿಂದಿದ್ದ ಸರ್ವರಿಗೆ ಕೊನೆಯ ಪ್ಯಾಚು ಹಾಕಿಯೇಬಿಟ್ಟ. ಕಚೇರಿಯೊಳಗಿಂದ ಆದಿಲಕ್ಷ್ಮಮ್ಮ, “ಲಾರಿ ಚೀಟಿ ಪ್ರಿಂಟಾಗಿ ಬಂತಪ್ಪೋ! ಬಂತು!” ಎಂದು ಕೂಗಿಕೊಂಡರು. ಲಾರಿಯವರು ಚಪ್ಪಾಳೆ ತಟ್ಟಿದರು. ಕದಿರೇಶನ ಕಣ್ಣು ತುಂಬಿತು. ಕೀಲುಕೋಟೆಯ ಎರಡೂ ಕಿಟಕಿಗಳು ಕಣ್ಣ ಮುಂದೆ ಬಂದವು.

ಆವಲಪ್ಪನವರು ಅವನ ಬೆನ್ನು ತಟ್ಟಿ ಬೆಂಚಿನ ಮೇಲೆ ಕೂತರು.

“ಏಮಯ್ಯಾ, ಕೋಣೆ ಬೀಗ ತೆಗೀದೇನೇ ಮಾಡ್ಬಿಟ್ಯಲ್ಲೋ! ಟೀ ಅಂಗಡೀಲಿ ಕೂತ್ಕೊಂಡು!”

ಮನುಷ್ಯನಿಗೆ ಗೆದ್ದ ಹೊತ್ತಿನಲ್ಲಿ ನಾಲಿಗೆ ಕೈಯಲ್ಲಿರುವುದಿಲ್ಲ ನೋಡಿ.

“ಟೀ ಅಂಗಡಿ ಏನ್ ಮಹಾ ಸಾರ್! ಈ ಹೊಸದ್ರಲ್ಲಿ ಮಾಲೂರಿಂದ ಮಾಡ್ಬೋದು, ಮುಳಬಾಗಿಲಿಂದ ಮಾಡ್ಬೋದು. ಅಷ್ಟ್ಯಾಕೆ, ನಮ್ಮ ರಾಯಲ್ಪಾಡಲ್ಲಿ ಕೂತ್ಕೊಂಡೂ ಮಾಡ್ಬೋದು!”

“ಹೌದಾ?”

“ನಿಮ್ಮಾಣೆ ಸಾರ್!”

ಆವಲಪ್ಪನವರು ಟೀ ಲೋಟ ಕೆಳಗಿಟ್ಟರು. ಮುಖ ಅರಳಿತು.

“ಅಬ್ಬಾ, ದೊಡ್ಡ ತಲೆನೋವು ಬಿಡಿಸ್ದೆ ಕಣೋ! ನಿನ್ನ ಇಲ್ಲಿಗೆ ಹಾಕಿದ್ರೆ ಅಲ್ಲಿಗೆ ಯಾರನ್ನ ಹುಡುಕೋದು ಅಂತ ರಾತ್ರಿಯೆಲ್ಲ ನಿದ್ದೆಯಿಲ್ಲ ನಂಗೆ. ಇನ್ನೇನು, ಆರಾಮಾಗಿ ರಾಯಲ್ಪಾಡಲ್ಲೇ ಇದ್ಕೊಂಡು ಇದನ್ನೂ ನೋಡ್ಕೋ!”

“ಅಲ್ಲ ಸಾರ್...” ಎಂದು ಕದಿರೇಶ ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರು ಆಗಲೇ ಎದ್ದು ಲಾರಿಗಳ ಕಡೆ ಹೋಗುತ್ತಾ, ಎದುರಿಗೆ ಸಿಕ್ಕವರಿಗೆಲ್ಲ, “ನಮ್ ಹುಡುಗ ರಾಯಲ್ಪಾಡಿಂದಾನೇ ನಡೆಸ್ತಾನಂತೆ!” ಎಂದು ಹೆಮ್ಮೆಯಿಂದ ಸಾರುತ್ತಿದ್ದರು.

ಫೋನು ಬಡಿದುಕೊಂಡಿತು.

“ಆಯ್ತಾ ರೀ? ಯಜಮಾನಿ ಇಲ್ಲೇ ನಿಂತವ್ರೆ. ಹೂಂ ಅಂದ್ಬಿಡ್ಲಾ?”

ಕದಿರೇಶ ನಡೆದದ್ದನ್ನೆಲ್ಲ ಹೇಳಿದ. ಸಹನ ಎಲ್ಲ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು.

“ಸರ್ವರ್ರು ರಾಯಲ್ಪಾಡಿಂದ ನಡೆಯತ್ತೆ, ಸರಿ. ಈ ಸಂಸಾರಕ್ಕೂ ಒಂದು ಪ್ಯಾಚು ಕಳಿಸ್ತಾರೇನೋ, ನಿಮ್ಮ ಕಂಪನಿಯವ್ರನ್ನ ಕೇಳಿ ನೋಡಿ.”