ಇನ್ನೂರೈವತ್ತು ಪರ್ಸೆಂಟಿನ ಕಣ್ಣು

ಅರವತ್ತೆರಡಾದರೂ ಕನ್ನಡಕ ಬೇಡವೆಂಬುದು ಮತ್ತಿಗಿರಿಯ ನಿವೃತ್ತ ಮೇಷ್ಟ್ರು ಗೋಪೀನಾಥನಿಗೆ ಉಳಿದಿದ್ದ ಒಂದೇ ಜಂಬ. (ತಲೆಗೂದಲಿನ ಜಂಬ ಹತ್ತು ವರ್ಷದ ಹಿಂದೆಯೇ ಉದುರಿತ್ತು.) ಜಂಬದ ಗುಟ್ಟು ಕಂಪ್ಯೂಟರಿನೊಳಗಿತ್ತು. ಯಾವ ಬರಹ ತೆರೆದರೂ ಜೂಮ್ ತಾನೇ ಇನ್ನೂರೈವತ್ತು ಪರ್ಸೆಂಟಿಗೆ ಏರಲೆಂದು ಅವನೊಂದು ಮ್ಯಾಕ್ರೋ, ಅಂದರೆ ಒಮ್ಮೆ ಬರೆದಿಟ್ಟರೆ ಪ್ರತಿಸಲ ತಪ್ಪದೆ ನಡೆಯುವ ಆಜ್ಞೆ, ಕದ್ದುಮುಚ್ಚಿ ಕೂರಿಸಿದ್ದ. ಮನೆಯಲ್ಲಿ ಅವನ ಮಾತು ಕೇಳುತ್ತಿದ್ದುದು ಅದೊಂದೇ.

ಮಗಳು ಶ್ರೀರಂಜನಿಯ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ತಾನೇ ಬರೆಯುವೆನೆಂದು ಕೂತ. ಅಣ್ಣನ ಮಗನ ಮದುವೆಯ ಹಳೇ ಪತ್ರಿಕೆ ತೆರೆದು ಹೆಸರುಗಳನ್ನಷ್ಟೇ ಬದಲಿಸುತ್ತ ಹೋದ. ಅಕ್ಷರಗಳು ಪರದೆಯ ಮೇಲೆ ಕುಂಬಳಕಾಯಿಯಂತೆ ಕಂಡವು. ಇಷ್ಟು ದಪ್ಪ ಯಾಕೆಂದು, ಜೂಮಿನ ನೆನಪಿಲ್ಲದೆ, ಅಕ್ಷರದ ಅಳತೆಯನ್ನೇ ಕುಗ್ಗಿಸಿದ. ಹಾಳೆಯ ಎಡದಂಚು ಪರದೆಯಿಂದಾಚೆ ಹೋಗಿತ್ತು. ಹೋಗಲಿ, ಅಂಚಿನಲ್ಲೇನಿರುತ್ತದೆ?

“ಏನೂಂದ್ರೆ, ಅಚ್ಚಿಗೆ ಕೊಡೋ ಮುಂಚೆ ಒಂದು ಕಾಗದದಲ್ಲಿ ತೆಗ್ಸಿ ನೋಡೋಣ,” ಅಂದಳು ಹೆಂಡತಿ ವೇದವತಿ.

“ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದ ಕಣ್ಣು ಕಣೇ ಇದು!”

“ಮಕ್ಕಳ ತಪ್ಪು ತಾನೇ?”

ಮುನ್ನೂರು ಪತ್ರಿಕೆ ಅಚ್ಚಾಗಿ ಬಂದವು. ಮೊದಲನೆಯದು ಕೃಷ್ಣಗಿರಿಯ ಭದ್ರಮ್ಮನಿಗೆ. ತಾಯಿಯಿಲ್ಲದ ಗೋಪಿಯನ್ನು ಸಾಕಿದ ಸೋದರತ್ತೆ, ಎಂಬತ್ತೆಂಟು ವರ್ಷ. ಅವಳು ಬಂದು ಅಕ್ಷತೆ ಹಾಕದಿದ್ದರೆ ಅವನ ಪಾಲಿಗೆ ಅದು ಮದುವೆಯೇ ಅಲ್ಲ. ಪತ್ರಿಕೆಯ ಕಟ್ಟನ್ನೆಲ್ಲ ಚೀಲಕ್ಕೆ ತುಂಬಿ ಗಂಡಹೆಂಡಿರು ಬಸ್ಸು ಹತ್ತಿದರು.

ಅತ್ತೆ ಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಇದೇನ್ಲಾ ಗೋಪಿ, ರಾಗಿ ಚೆಲ್ಲಿದ್ದೀಯ? ನನ್ನ ಹೆಸರೆಲ್ಲದೆ?”

“ಇಲ್ಲೇ ಅತ್ತೆ, ಮೇಲ್ಗಡೆ.” ಅವನ ಬೆರಳು ಅಂದಾಜಿನ ಮೇಲೆ ಎಲ್ಲೋ ನಿಂತಿತು.

“ಓದು.”

“ಅದೇ, ನಿನ್ನ ಹೆಸರು…”

“ನನ್ನ ಹೆಸರು ನಂಗೊತ್ತು. ಬರೆದಿರೋದನ್ನ ಓದ್ಲಾ.”

ಗೋಪೀನಾಥ ಪತ್ರಿಕೆಯನ್ನು ಮೂಗಿಗೆ ತಂದ, ಮಾರುದೂರ ಒಯ್ದ. ವೇದವತಿ ಸೂರು ನೋಡತೊಡಗಿದಳು. ಅತ್ತೆ ತನ್ನ ಕನ್ನಡಕ ಬಿಚ್ಚಿ, ಹಿಂದೆ ಇಸ್ಕೂಲಿಗೆ ಕಳಿಸುವಾಗ ಟೋಪಿ ಹಾಕುತ್ತಿದ್ದಂತೆ, ಎರಡೂ ಕೈಯಿಂದ ಅವನ ಕಿವಿಗೆ ಸಿಕ್ಕಿಸಿದಳು. ಲೋಕ ಸ್ಪಷ್ಟವಾಯಿತು. ಬಾಯಿ ತಾನಾಗಿ ಓದಿಬಿಟ್ಟಿತು:

“ದಿವಂಗತ ಭದ್ರಮ್ಮನವರ ಆಶೀರ್ವಾದಗಳೊಂದಿಗೆ.”

ಹಳೇ ಪತ್ರಿಕೆಯಲ್ಲಿ ಅದು ತೀರಿಹೋದ ಅಜ್ಜಿಯ ಸಾಲು. ಹೆಸರು ಬದಲಾಗಿತ್ತು; ಪರದೆಯಾಚೆಯ ಎಡದಂಚಿನಲ್ಲಿ ಕಾಣದೆ ಉಳಿದದ್ದು ಆ ಮೊದಲ ಪದವೊಂದೇ.

ಗೋಪೀನಾಥನ ಕಿವಿ ಕಾದ ಹೆಂಚಾಯಿತು. ಎತ್ತಿ ಸಾಕಿದವಳನ್ನು ಕೈಯಾರೆ ಸಾಯಿಸಿದ್ದ. ಅದೂ ಮುನ್ನೂರು ಸಲ, ಅರಿಶಿನದ ಅಂಚು ಹಚ್ಚಿ!

“ಸರಿ ಬುಡು,” ಅಂದಳು ಅತ್ತೆ. “ಮದುವೇಲಿ ನಂಗೆ ಎಲೆ ಹಾಕ್ಬೇಡಿ. ಮಾಡಿನ ಮೇಲೊಂದು ತುತ್ತಿಡಿ, ಕಾಗೆಯಾಗಿ ಬತ್ತೀನಿ.”

“ತಪ್ಪಾಯ್ತು ಅತ್ತೆ, ನಂಗೆ ಕಣ್ಣು ಕಾಣಲ್ಲ…”

“ಕಾಲು ಹಿಡೀಬೇಡ. ಪೆನ್ನು ಹಿಡಿ.”

ಜಗಲಿಯ ಮೇಲೆ, ಹೋಗಿಬರುವವರ ಕಣ್ಣೆದುರೇ, ಅತ್ತೆಯ ಕನ್ನಡಕ ಹಾಕಿಕೊಂಡು ಆ ಪದವನ್ನು ಒಂದೊಂದಾಗಿ ಹೊಡೆದುಹಾಕುತ್ತ ಕೂತ. ತಲೆ ಎತ್ತಲಿಲ್ಲ. ಅತ್ತೆ ಗೋಡೆಗೊರಗಿ ಕೇಳಿದಳು:

“ವೇದಾ, ಎಷ್ಟು ಸಲ ಬದುಕ್ದೆನೇ?”

“ಐವತ್ತು ಸಲ ಅತ್ತೆ.”

“ಹಂಗಾದ್ರೆ ಕಾಫಿ ಇಡು ತಾಯಿ. ಇನ್ನೂರೈವತ್ತು ಸಲ ಇನ್ನೂ ಸತ್ತೇ ಇದ್ದೀನಿ.”