ಒಡಪಿಗೆ ಎಚ್ಚರವಾದ ರೋಗಿ

೨೦೦೯ರ ನವೆಂಬರ್ ೧೪, ಶನಿವಾರ. ಆಕರ: ನನ್ನ ದಿನಚರಿ, ಅಡುಗೆಮನೆಯ ಕ್ಯಾಲೆಂಡರಿನೊಂದಿಗೆ ತಾಳೆ ನೋಡಲಾಗಿದೆ. ಅಂದು ಬೀಳಗಿ ತಾಲ್ಲೂಕಿನಲ್ಲಿ ನಿವೃತ್ತ ಇತಿಹಾಸ ಸಂಶೋಧಕನೊಬ್ಬನು ಸುಮ್ಮನೆ ಮಲಗಿರುವ ಕೆಲಸದಲ್ಲಿ ವಿಫಲನಾದನು. ಆ ಮಹನೀಯ ನಾನೇ!

ನನ್ನ ಹೆಂಡತಿ ಶಾಂತಾ ಆಸ್ಪತ್ರೆಯಲ್ಲಿ ನರ್ಸ್. ವಾರ್ಡಿನಲ್ಲೇ ತಲೆ ನರೆತವಳಿಗೆ ಏಕಾಏಕಿ ಅಂಬ್ಯುಲನ್ಸ್ ಹತ್ತುವ ಹಂಬಲ ಹುಟ್ಟಿತು. ರಸ್ತೆಯಲ್ಲಿ ಬಿದ್ದವರಿಗೆ ಅಲ್ಲಿಯೇ ಆರೈಕೆ ಮಾಡುವ ತುರ್ತು ಚಿಕಿತ್ಸೆಯ ತರಬೇತಿಗೆ ಸೇರಿಕೊಂಡಳು. ಕೊನೆಗೆ ಪ್ರಾಯೋಗಿಕ ಪರೀಕ್ಷೆ. ಪಾಸಾದರೆ ಅಂಬ್ಯುಲನ್ಸ್, ಇಲ್ಲವಾದರೆ ಮತ್ತೆ ಅದೇ ಇಂಜೆಕ್ಷನ್ ಕೋಣೆ.

"ನಾಡಿ ಹಿಡಿಯೂದು ಬರತೈತಿ. ಅದನ್ನ ರಸ್ತಾದಾಗ ಹಿಡಿಯಾಕ ಬ್ಯಾರೆ ಸಾಲಿ ಬೇಕೇನ?" ಎಂದು ನಾನು ನಕ್ಕೆ.

"ದಾರ್ಯಾಗ ಹೋದ ಜೀವಕ್ಕ ವಾರ್ಡಿನ್ಯಾಗ ಏನ್ ಮಾಡೂದೈತ್ರಿ?" ಎಂದಳು. ಇದಕ್ಕೆ ಉತ್ತರವೆಂದು ಇನ್ನಷ್ಟು ನಕ್ಕೆ.

ಪರೀಕ್ಷೆಯ ದಿನ ರೋಗಿಯ ಪಾತ್ರ ವಹಿಸಬೇಕಿದ್ದ ಕಂಪೌಂಡರ್ ಕೈಕೊಟ್ಟ. ನಾನು ಉದಾರವಾಗಿ ಮುಂದೆ ಬಂದೆ.

"ನೀವ್ ಬ್ಯಾಡ್ರಿ."

"ಯಾಕ?"

"ಬಾಯಿ ಮುಚ್ಚಗೊಂಡ ಇರಬೇಕಾಗತೈತಿ."

"ಬೀಳೂದಕ್ಕೂ ಟ್ರೇನಿಂಗ್ ಬೇಕೇನ?" ಎಂದು ಗದರಿ, ಪ್ರಥಮ ಚಿಕಿತ್ಸೆಯ ಎರಡು ಗ್ರಂಥಗಳಲ್ಲಿ ಪ್ರಜ್ಞಾಹೀನತೆಯ ಅಧ್ಯಾಯವನ್ನು ಅಭ್ಯಾಸ ಮಾಡಿದೆ. ಇಷ್ಟು ಪೂರ್ವಸಿದ್ಧತೆಯಿಂದ ಎಚ್ಚರ ತಪ್ಪಿದವರು ಚರಿತ್ರೆಯಲ್ಲಿ ವಿರಳ!

ಅನಗವಾಡಿ ರಸ್ತೆಯ ಬದಿ, ಕಬ್ಬಿನ ಗದ್ದೆಯ ಪಕ್ಕ, ಬೈಕಿನಿಂದ ಬಿದ್ದವನಂತೆ ಧೋತರಕ್ಕೆ ಕುಂಕುಮದ ನೀರು ಸುರಿದುಕೊಂಡು ಮಲಗಿದೆ. ಅಂಬ್ಯುಲನ್ಸಿಗಿಂತ ಮೊದಲು ಬಂದದ್ದು ಕುರಿ ಹಿಂಡು. ಕುರಿ ಕಾಯುವ ಮಾಳಪ್ಪಜ್ಜ ಇದನ್ನು ನಿಜವೆಂದೇ ನಂಬಿದ. ಜ್ಞಾನದ ಕಣಜವಾದ ನನ್ನ ಮೂಗಿಗೆ, ಮೂರ್ಛೆ ತಿಳಿಯಲೆಂದು, ತನ್ನ ಕಾಲಿನ ಕೆರವನ್ನೇ ಹಿಡಿದ! ನಾನು ಅಲುಗಲಿಲ್ಲ. ಕುರುಬರ ದೇವರು ಬೀರಪ್ಪನನ್ನು ನೆನೆದು ಹಣೆಗೆ ಭಂಡಾರದ ಅರಿಸಿನ ಬಳಿದ. ಆಗಲೂ ಅಲುಗಲಿಲ್ಲ. ನನ್ನ ನಿಷ್ಠೆಗೆ ನಾನೇ ತಲೆದೂಗಬೇಕೆನಿಸಿತು. ಆದರೆ ತಲೆ ಆಡಿಸುವಂತಿರಲಿಲ್ಲ.

ಅಷ್ಟರಲ್ಲಿ ಅಂಬ್ಯುಲನ್ಸ್ ಬಂತು. ಕಳೆ ತೆಗೆಯುತ್ತಿದ್ದ ಹೆಂಗಸರೂ ಓಡಿ ಬಂದರು. ಶಾಂತಾ ಇಳಿದವಳೇ ವಾರ್ಡಿನ ರೂಢಿಯಂತೆ, "ಕೇಸ್ ಪೇಪರ್ ಎಲ್ಲೈತ್ರಿ?" ಎಂದಳು.

ಕೊರಳಿಗೆ ಸೀಟಿ ಕಟ್ಟಿಕೊಂಡಿದ್ದ ಪರೀಕ್ಷಕ ರೇಗಿದ. "ಸಿಸ್ಟರ್, ಇಲ್ಲಿ ಪೇಪರೂ ಇಲ್ಲ, ಡಾಕ್ಟರೂ ಇಲ್ಲ. ಭುಜಾ ತಟ್ಟಿ, ಹೆಸರು ಹಿಡಿದು ಜೋರಾಗಿ ಕರೀರಿ. ಎಚ್ಚರ ಐತೇನ ನೋಡಬೇಕು."

ಶಾಂತಾ ಭುಜ ತಟ್ಟಿದಳು. ಹೆಸರು ಬರಲಿಲ್ಲ.

"ಇವರು ನಮ್ಮ ಮನಿಯವರ್ರೀ ಸರ್."

"ಯಾರರ ಇರಲಿ. ಕರೀದಿದ್ರ ಮಾರ್ಕ್ಸ್ ಇಲ್ಲ!"

"ಗಂಡನ ಹೆಸರ ಹಂಗ ಹ್ಯಾಂಗ ಕರೀತಾರ್ರೀ ಸಾಹೇಬ್ರ?" ಎಂದು ಕಳೆ ತೆಗೆಯುವ ಹೆಂಗಸೊಬ್ಬಳು ಮಧ್ಯೆ ಬಾಯಿ ಹಾಕಿದಳು. "ಒಡಪಾ ಹಾಕ ತಂಗಿ, ಒಡಪಾ!"

ಮದುವೆಮನೆಯಲ್ಲಿ ಗಂಡನ ಹೆಸರನ್ನು ಪ್ರಾಸದೊಳಗೆ ಪೋಣಿಸಿ ಹೇಳುವ ನಮ್ಮ ಕಡೆಯ ಒಡಪು, ಅಪಘಾತದ ಸ್ಥಳದಲ್ಲಿ! ನಾಗರಿಕತೆಯ ಈ ಅಧಃಪತನವನ್ನು ಮಲಗಿಯೇ ಧಿಕ್ಕರಿಸಿದೆ. ಶಾಂತಾ ಮಾತ್ರ ಸೆರಗು ಸರಿಪಡಿಸಿಕೊಂಡು, ನನ್ನ ಭುಜ ಅಲುಗಿಸಿ ಕೂಗಿದಳು:

"ಹಿಪ್ಪರಗಿ ಒಡ್ಡಿನ ಹಿನ್ನೀರು ಬಂದೈತಿ ಬೀಳಗಿಗೆ,
ಗುರುಪಾದಪ್ಪನವರು ಏಳವಲ್ರು ನಾ ಕೂಗಿದ ಕೂಗಿಗೆ!"

ಕೆರವನ್ನು ಸಹಿಸಿದ್ದೆ. ಭಂಡಾರವನ್ನು ಸಹಿಸಿದ್ದೆ. ಇದನ್ನು ಹೇಗೆ ಸಹಿಸಲಿ? ಧಡಕ್ಕನೆ ಎದ್ದು ಕುಳಿತೆ.

"ಹಿಪ್ಪರಗಿದಲ್ಲ, ಆಲಮಟ್ಟಿದು! ಹಿಪ್ಪರಗಿ ನಮಗಿಂತ ಮ್ಯಾಲೈತಿ. ಹಿನ್ನೀರು ಕೆಳಗಿನ ಒಡ್ಡಿನಿಂದ ಬರತೈತೋ, ಮ್ಯಾಲಿನ ಒಡ್ಡಿನಿಂದ ಬರತೈತೋ? ನಕಾಶೆ ನೋಡ್ರಿ!"

"ಎದ್ದನಲೇ! ಭಂಡಾರ ಹತ್ತೇತಿ!" ಎಂದು ಮಾಳಪ್ಪಜ್ಜ ಕೈಮುಗಿದ. ಹೆಂಗಸರು, "ಅಲ್ಲಬೇ, ಒಡಪಾ ಹತ್ತೇತಿ," ಎಂದು ವಾದಕ್ಕಿಳಿದರು. ಪರೀಕ್ಷಕ ಸೀಟಿ ಊದಿ, "ರೋಗಿನ ಎದ್ದ ಕುಂತಾನ! ಸಿಸ್ಟರ್, ನಿಮ್ಮ ಪರೀಕ್ಷಾ ಮುಗೀತು," ಎಂದ.

ಶಾಂತಾಳ ಮುಖ ಬಿಳಿಚಿತು. ಅದು ಕ್ಷಣ ಮಾತ್ರ. ಮರುಕ್ಷಣ ನನ್ನ ಎದೆಗೆ ಅಂಗೈ ಒತ್ತಿ ಕೆಡವಿದಳು.

"ಮುಗದಿಲ್ರೀ ಸರ್. ತಲಿಗೆ ಪೆಟ್ಟಾಗೇತಿ, ಬಡಬಡಸಾಕತ್ತಾರ. ಕುತಗಿ ಪಟ್ಟಿ ತರ್ರಿ! ಹಲಗಿ ತರ್ರಿ!"

"ಶಾಂತಾ, ನಾ ಖರೆ ಹೇಳಾಕತ್ತೇನಿ..."

"ಹಿಂಗ ಬಡಬಡಸ್ತಾರ ನೋಡ್ರಿ ಸರ್!"

ಕುತ್ತಿಗೆಗೆ ಪಟ್ಟಿ ಬಿತ್ತು. ಕೈಕಾಲುಗಳನ್ನು ಹಲಗೆಗೆ ಬಿಗಿದಳು. ಬಾಯಿಯ ಮೇಲೆ ಆಕ್ಸಿಜನ್ ಮಾಸ್ಕ್ ಕೂತಿತು. ಅದರೊಳಗಿನಿಂದಲೇ ನಕಾಶೆಯ ಪುಟಸಂಖ್ಯೆ ಹೇಳಲು ಯತ್ನಿಸಿದೆ. ಮಾಸ್ಕ್ ಮಂಜಾಯಿತು. "ಉಸಿರಾಟ ಛಲೋ ಐತ್ರಿ," ಎಂದಳು ಶಾಂತಾ. ಅಷ್ಟು ಚುರುಕಾಗಿ ಆಕೆ ಕೆಲಸ ಮಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನೋಡುವ ಸೌಜನ್ಯವೂ ನನಗಿರಲಿಲ್ಲ, ಬಿಡಿ.

ಆಕೆ ಪಾಸಾದಳು. ಈಗ ಅಂಬ್ಯುಲನ್ಸಿನ ಸದ್ದು ಕೇಳಿದರೆ ನೆರೆಯವರು, "ನಿಮ್ಮ ಮನಿಯವ್ರು ಹೊಂಟ್ರು ನೋಡ್ರಿ," ಎನ್ನುತ್ತಾರೆ.

ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸುವುದು ನನ್ನ ಕರ್ತವ್ಯ. ನನ್ನ ನೆನಪಿನಂತೆ, ಅಂದು ನಾನು ಕೃಷ್ಣೆಯ ಹಿನ್ನೀರಿನ ಕುರಿತು ಸಾಧಾರವಾದ, ತರ್ಕಬದ್ಧವಾದ ಉಪನ್ಯಾಸವೊಂದನ್ನು ಮಂಡಿಸಿದೆ. ಪರೀಕ್ಷಕನ ವರದಿಯಲ್ಲಿರುವುದು ಬೇರೆ: "ರೋಗಿ ವಯಸ್ಸಾದವರು. ನೀರಿನ ಬಗ್ಗೆ ಅರ್ಥವಿಲ್ಲದ ಪ್ರಲಾಪ. ಅಭ್ಯರ್ಥಿ ಚೆನ್ನಾಗಿ ನಿಭಾಯಿಸಿದ್ದಾರೆ."

ನೆನಪಿಗೂ ಲಿಖಿತ ದಾಖಲೆಗೂ ವಿರೋಧ ಬಂದಾಗ ದಾಖಲೆಯನ್ನೇ ನಂಬಬೇಕೆಂದು ಜೀವಮಾನವಿಡೀ ವಾದಿಸಿದವನು ನಾನು!