ಮಾವನ ರೇಸ್ ಕಾರು, ನನ್ನ ಮರ್ಯಾದೆ

ಮರ್ಯಾದೆ ಹೋದರೆ ಒಮ್ಮೆಗೇ ಹೋಗುತ್ತದೆ ಎಂದು ನಂಬಿದ್ದೆ. ನಮ್ಮ ತಂಡದಲ್ಲಿ ಅದು ಪ್ರತಿ ಶನಿವಾರ ಹೋಗುತ್ತದೆ, ಅದೂ ಸುತ್ತು ಸುತ್ತಾಗಿ.

ತಂಡವೆಂದರೆ ನಾಲ್ವರು: ಪರದೇಶದ ಈ ಮಾಲ್ಟನ್ ಊರಿನಲ್ಲಿ ಟೈರ್ ಅಂಗಡಿ ಇಟ್ಟಿರುವ ಹುಬ್ಬಳ್ಳಿಯ ನನ್ನ ಸೋದರಮಾವ, ಅತ್ತೆ, ಇಲ್ಲಿಯೇ ಹುಟ್ಟಿ ಈಗ ಕಾರು ಓಡಿಸುವ ಅವರ ಮಗ, ಮತ್ತು ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದು ಟೈರಿಗೆ ಗಾಳಿ ತುಂಬುತ್ತಿರುವ ನಾನು. ನಗರದ ಉತ್ತರಕ್ಕಿರುವ ಮೊಟ್ಟೆಯಾಕಾರದ ಸಣ್ಣ ಟ್ರ್ಯಾಕಿನಲ್ಲಿ ಸ್ಟಾಕ್ ಕಾರುಗಳ ರೇಸು ನಡೆಯುತ್ತದೆ. ಇವು ಹೊರಗಿನಿಂದ ಮನೆಯ ಕಾರಿನಂತೆ ಕಂಡರೂ ಒಳಗೆಲ್ಲ ರೇಸಿಗೆಂದೇ ಕಟ್ಟಿದವು. ಅಲ್ಲಿ ಪಕ್ಕದ ವಾನ್ ಊರಿನ ದೊಡ್ಡ ತಂಡವೊಂದರ ಮುಖ್ಯ ಎಂಜಿನಿಯರ್ ನನಗೆ ಹೇಳಿದ್ದರು: "ಸೀಸನ್ ಮುಗಿಯುವವರೆಗೆ ನಿನ್ನ ಕೆಲಸ ನೋಡುತ್ತೇನೆ. ಹಿಡಿಸಿದರೆ ಕರೆದುಕೊಳ್ಳುತ್ತೇನೆ."

ಅವರು ಏನೇನು ನೋಡಬೇಕಾಯಿತು ಎಂಬುದು ಕೆಳಗಿದೆ.

ಸಮಾನತೆ

ಈ ಟ್ರ್ಯಾಕಿನಲ್ಲಿ ಕಾರು ಎಡಕ್ಕೆ ಮಾತ್ರ ತಿರುಗುತ್ತದೆ. ಆದ್ದರಿಂದ ಬಲಗಡೆಯ ಟೈರುಗಳು ಎಡಗಡೆಯವಕ್ಕಿಂತ ತುಸು ದೊಡ್ಡವಾಗಿರಬೇಕು. ಹಾಗಿದ್ದರೆ ಕಾರು ತಾನಾಗಿಯೇ ಎಡಕ್ಕೆ ಬಾಗುತ್ತದೆ. ನಾನು ಹಾಗೆಯೇ ಆರಿಸಿ, ಅಳೆದು ಜೋಡಿಸಿ, ಚಹಾ ತರಲು ಹೋದೆ.

ಮಾವನ ಅಂಗಡಿಯಲ್ಲಿ ಹೆಚ್ಚುಕಡಿಮೆ ಅಳತೆಯ ಟೈರು ಮಹಾಪಾಪ. ನಾನು ಮರಳುವಷ್ಟರಲ್ಲಿ ಅವರು ನಾಲ್ಕನ್ನೂ ಬಿಚ್ಚಿ ಸಮ ಅಳತೆಯವನ್ನು ಹಾಕಿದ್ದರು. ಕಾರು ಆಗಲೇ ಅಭ್ಯಾಸದ ಓಟಕ್ಕೆ ಹೊರಟಿತ್ತು. ಮೊದಲ ತಿರುವಿನಲ್ಲೇ ಅದು ಹೊರಗೋಡೆಯ ಕಡೆಗೆ ನಡೆಯಿತು.

ರೇಡಿಯೋದಲ್ಲಿ ಮಗ ಕೂಗಿದ: "ಡ್ಯಾಡ್, ಇಟ್ಸ್ ನಾಟ್ ಟರ್ನಿಂಗ್!"

ಮಾವ ನನ್ನ ಕೈಯಿಂದ ರೇಡಿಯೋ ಕಸಿದುಕೊಂಡರು. "ಸ್ಟೇರಿಂಗ್ ತಿರಗಸೋ ಮಗನ! ಮತ್ತ್ಯಾಕ ಕೊಟ್ಟಾರ ಅದನ್ನ?"

ಆ ಚಾನೆಲ್ಲನ್ನು ಎಲ್ಲ ತಂಡಗಳೂ ಆಲಿಸುತ್ತವೆ. ಕನ್ನಡ ಬಾರದ ಮುಖ್ಯ ಎಂಜಿನಿಯರ್ ಬಂದು ಗಂಭೀರವಾಗಿ ಕೇಳಿದರು: "ಅದು ನಿಮ್ಮ ತಂಡದ ಗುಪ್ತ ಸಂಕೇತವೇ?"

ನಾನು ಹೌದೆಂದೆ.

ಪಾದಪರೀಕ್ಷೆ

ಟ್ರ್ಯಾಕು ಕಾದಿದ್ದರೆ ಮೆತ್ತನೆಯ ಟೈರು ಬೇಗ ಸವೆಯುತ್ತದೆ. ಗಟ್ಟಿಯದನ್ನು ಆರಿಸಬೇಕು. ಜುಲೈ ತಿಂಗಳ ಒಂದು ಮಧ್ಯಾಹ್ನ, ಮುಖ್ಯ ಎಂಜಿನಿಯರ್ ಪಕ್ಕದಲ್ಲಿ ನಿಂತಿದ್ದಾಗ, ಪಿಸ್ತೂಲಿನಂಥ ಥರ್ಮಾಮೀಟರನ್ನು ನೆಲಕ್ಕೆ ಹಿಡಿದು ಶಾಖ ಅಳೆಯುತ್ತಿದ್ದೆ.

"ಅಳಿಯಾ, ಆ ಆಟಗಿ ಸಾಮಾನು ಒಳಗಿಡು," ಎಂದು ಮಾವ ಬೂಟು ಕಾಲ್ಚೀಲ ಕಳಚಿ, ಪ್ಯಾಂಟು ಮಡಿಚಿ, ಬರಿಗಾಲಿನಲ್ಲಿ ಡಾಂಬರಿನ ಮೇಲೆ ಇಳಿದರು. ಹೋಗುವಾಗ ನಡೆಯುತ್ತಿದ್ದರು. ಬರುವಾಗ ಕುಪ್ಪಳಿಸುತ್ತಿದ್ದರು.

"ಕಾದದ ಅಳಿಯಾ! ಭಾಳ ಕಾದದ!"

ಥರ್ಮಾಮೀಟರು ಅದನ್ನು ಆಗಲೇ ಹೇಳಿತ್ತು. ಮಾವ ನೆಟ್ಟಗೆ ನಮ್ಮ ಡೇರೆಗೆ ಹೋಗಿ ಎರಡೂ ಪಾದಗಳನ್ನು ತಂಪು ಪಾನೀಯದ ಐಸ್ ಡಬ್ಬಿಯೊಳಗೆ ಇಳಿಬಿಟ್ಟು ಕುಳಿತರು. ಪಾದಗಳು ಎಲ್ಲಿವೆ ಎಂದು ಗಮನಿಸದೆ, ಹಿಂದೆಯೇ ಬಂದ ಮುಖ್ಯ ಎಂಜಿನಿಯರ್ ಕುಡಿಯಲು ತಣ್ಣಗೆ ಏನಾದರೂ ಸಿಗುವುದೇ ಎಂದು ಕೇಳಿದರು.

ಮಾವ ಅತಿಥಿಸತ್ಕಾರದಲ್ಲಿ ಎಂದೂ ಹಿಂದೆ ಬಿದ್ದವರಲ್ಲ. ಬಲಗಾಲು ಎತ್ತಿ, ಅದರ ಕೆಳಗಿನಿಂದ ಒಂದು ಕ್ಯಾನು ತೆಗೆದು, ಅಂಗಿಯ ಚುಂಗಿನಿಂದ ಒರೆಸಿ ಕೊಟ್ಟರು.

ಮುಖ್ಯ ಎಂಜಿನಿಯರ್ ಅದನ್ನು ಮುಚ್ಚಳ ತೆರೆಯದೆ ಸಂಜೆಯವರೆಗೂ ಕೈಯಲ್ಲಿ ಹಿಡಿದುಕೊಂಡೇ ಓಡಾಡಿದರು.

ಭಕ್ತಿ

ಸೀಸನ್ನಿನ ಕೊನೆಯ ರೇಸು. ಮೋಡ ಕವಿದು ಟ್ರ್ಯಾಕು ತಣ್ಣಗಿತ್ತು. ನಾನು ಮೆತ್ತನೆಯ ಟೈರು ಆರಿಸಿ, ಗಾಳಿಯನ್ನು ಕೂದಲೆಳೆಯಷ್ಟು ತಗ್ಗಿಸಿದೆ. ನಮ್ಮ ಕಾರು ಗೆದ್ದಿತು. ಮುಖ್ಯ ಎಂಜಿನಿಯರ್ ದೂರದಿಂದಲೇ ಹೆಬ್ಬೆರಳು ಎತ್ತಿ ತೋರಿಸಿದರು. ಕೆಲಸ ಸಿಕ್ಕಿತೆಂದುಕೊಂಡೆ.

ಟೈರನ್ನು ರಾಸಾಯನಿಕದಲ್ಲಿ ನೆನೆಸಿದರೆ ಹಿಡಿತ ಹೆಚ್ಚುತ್ತದೆ. ಅದು ನಿಷಿದ್ಧ. ಆದ್ದರಿಂದ ಗೆದ್ದ ಕಾರಿನ ಟೈರುಗಳನ್ನು ವಾಸನೆ ಹಿಡಿಯುವ ಯಂತ್ರದಿಂದ ಪರೀಕ್ಷಿಸುತ್ತಾರೆ. ನಮ್ಮ ಮೊದಲ ಟೈರಿಗೇ ಯಂತ್ರ ಕಿರುಚಿತು. ನಾಲ್ಕಕ್ಕೂ ಕಿರುಚಿತು.

ನಾನು ತಿರುಗಿ ನೋಡಿದೆ. ಅತ್ತೆ ಸೆರಗು ಸರಿಪಡಿಸಿಕೊಳ್ಳುತ್ತಿದ್ದರು.

"ಗಾಲಿ ಪೂಜಾ ಮಾಡೇನೋ ತಮ್ಮಾ. ಕುಂಕುಮ ಗಾಳಿಗೆ ಹಾರಬಾರ್ದಂತ ಎಣ್ಯಾಗ ಕಲಸೇನಿ. ಚೂರು ಕರ್ಪೂರ ಪುಡಿ ಮಾಡಿ ಹಾಕೇನಿ. ನೀ ಬೈತೀ ಅಂತ ಒಳಬದಿಗೆ ಹಚ್ಚೇನಿ."

ಮಾವ ತಪಾಸಣಾಧಿಕಾರಿಗೆ ಕೈಮುಗಿದರು. "ಸರ್, ದಿಸ್ ಈಸ್ ನಾಟ್ ಕೆಮಿಕಲ್. ದಿಸ್ ಈಸ್ ಡಿವೋಷನ್."

ಯಂತ್ರಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದು ಅಧಿಕಾರಿ ಗೆಲುವನ್ನು ರದ್ದುಪಡಿಸಿದರು.

ಮುಖ್ಯ ಎಂಜಿನಿಯರ್ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ಆ ಮಿಶ್ರಣ ಯಾವುದು? ಹೇಳು. ಸೋಮವಾರದಿಂದಲೇ ಕೆಲಸಕ್ಕೆ ಬಾ."

ಸುಳ್ಳು ಹೇಳಬಹುದಿತ್ತು. ನಾಚಿಕೆಯ ಜೊತೆಗೆ ಕೋಪವೂ ಇತ್ತು. "ಮಿಶ್ರಣದಿಂದ ಏನೂ ಆಗಿಲ್ಲ. ಗೆದ್ದದ್ದು ನಾನು ಆರಿಸಿದ ಟೈರಿನಿಂದ, ನಾನು ತಗ್ಗಿಸಿದ ಗಾಳಿಯಿಂದ. ಆ ಮಿಶ್ರಣ ಹಚ್ಚಿದ್ದು ನನ್ನ ಅತ್ತೆ," ಎಂದೆ.

ಅವರು ನನ್ನನ್ನು ದಾಟಿ ಅತ್ತೆಯತ್ತ ನೋಡಿದರು. "ಹಾಗಾದರೆ ಸೋಮವಾರ ಅವರು ಬರಬಹುದೇ?"

ಅನುವಾದಿಸುವ ಹೊಣೆಯೂ ನನ್ನದೇ. ಅತ್ತೆ ಬೆರಳು ಮಡಿಚಿ ವಾರ ಎಣಿಸಿದರು.

"ಸೋಮವಾರ ನಂದು ಒಪ್ಪತ್ತು, ಮಂಗಳವಾರ ಛಲೋ ಅಲ್ಲ. ಬುಧವಾರ ಬರ್ತೇನಂತ ಹೇಳು. ಮತ್ತ ಗಾಲಿ ಸ್ವಚ್ಛ ತೊಳದು ಇಡ್ರಿ ಅನ್ನು."